ಹಳ್ಳಿಗೆ ಹಲ್ಲಿನ ಡಾಕ್ಟರು: ಏಳು ಸೂತ್ರಗಳು

ಜಗತ್ತಿನಲ್ಲಿ ಸುಮಾರು 350 ಕೋಟಿ ಜನರಿಗೆ ಬಾಯಿಯ ಕಾಯಿಲೆಗಳಿವೆ, ಅವರಲ್ಲಿ ನಾಲ್ವರಲ್ಲಿ ಮೂವರು ಮಧ್ಯಮ ಆದಾಯದ ದೇಶಗಳವರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ. ಕರ್ನಾಟಕದಲ್ಲಿ ದಂತ ವೈದ್ಯಕೀಯ ಕಾಲೇಜುಗಳಿಗೆ ಬರವಿಲ್ಲ. ಆದರೂ ಹೋಬಳಿಯಲ್ಲಿ ಹಲ್ಲುನೋವು ಬಂದವರು ನೋವಿನ ಮಾತ್ರೆ ನುಂಗಿ ದಿನ ದೂಡುತ್ತಾರೆ. ಅಲ್ಲಿಗೆ ಹೋಗಿ ಕೆಲಸ ಮಾಡಲು ಹೊರಟ ಯುವ ದಂತವೈದ್ಯರಿಗೆ, ಸಂಘ ಸಂಸ್ಥೆಗಳಿಗೆ ಈ ಮಾತುಗಳು.

1. ಫೀಸಿಗಿಂತ ಮೊದಲು ಕೂಲಿಯ ಲೆಕ್ಕ ಹಾಕಿ. ಬಸ್ ಚಾರ್ಜು, ಜೊತೆಗೆ ಬಂದವರ ಊಟ, ತಪ್ಪಿದ ದಿನಗೂಲಿ ಎಲ್ಲವೂ ರೋಗಿಯ ಖರ್ಚೇ. ರೂಟ್ ಕೆನಾಲ್‌ಗೆ ಮೂರು ಸಲ ಬನ್ನಿ ಎಂದರೆ ಮೂರು ದಿನದ ದುಡಿಮೆ ಹೋಯಿತು. ಉಳಿಸಬಹುದಾದ ಹಲ್ಲನ್ನೂ "ಕಿತ್ತುಬಿಡಿ ಡಾಕ್ಟ್ರೇ" ಅನ್ನುವುದು ಅದಕ್ಕೇ. ಒಂದೇ ಭೇಟಿಯಲ್ಲಿ ಮುಗಿಯುವುದನ್ನು ಅಂದೇ ಮುಗಿಸಿ. ಸಂತೆಯ ದಿನ ಪೂರ್ತಿ ಬಾಗಿಲು ತೆರೆದಿಡಿ.

2. ಕರೆಂಟಿಗೆ ಕಾಯಬೇಡಿ. 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ ರೂಪುಗೊಂಡ ಎಆರ್‌ಟಿ (ಅಟ್ರಾಮ್ಯಾಟಿಕ್ ರೆಸ್ಟೋರೇಟಿವ್ ಟ್ರೀಟ್‌ಮೆಂಟ್) ವಿಧಾನಕ್ಕೆ ಡ್ರಿಲ್ ಬೇಕಿಲ್ಲ, ಎಷ್ಟೋ ಸಲ ಅರಿವಳಿಕೆ ಚುಚ್ಚುಮದ್ದೂ ಬೇಕಿಲ್ಲ. ಮೆತ್ತಗಾದ ಹುಳುಕನ್ನು ಕೈ ಉಪಕರಣದಿಂದ ಕೆರೆದು ಗ್ಲಾಸ್ ಅಯನೋಮರ್ ಸಿಮೆಂಟ್ ತುಂಬಿದರಾಯಿತು. ಶಾಲೆಯ ಬೆಂಚಿನ ಮೇಲೇ ಮಾಡಬಹುದು. ಸಣ್ಣ ಗುಳಿಗಳಲ್ಲಿ ಚೆನ್ನಾಗಿ ಬಾಳುತ್ತದೆ, ಎರಡು ಹಲ್ಲುಗಳ ನಡುವಿನ ದೊಡ್ಡ ಹುಳುಕಿನಲ್ಲಿ ಅಷ್ಟು ಬಾಳದು. ಅದನ್ನು ಮೊದಲೇ ಹೇಳಿಬಿಡಿ.

3. ಕಪ್ಪಾಗುವ ಔಷಧ ಹಚ್ಚುವ ಮೊದಲು ತಾಯಿಯನ್ನು ಕೇಳಿ. ಸಿಲ್ವರ್ ಡೈಅಮೈನ್ ಫ್ಲೋರೈಡ್ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಗೆ ಸೇರಿತು. ಒಂದೇ ಹನಿ ಹಲವು ಹಲ್ಲುಗಳಿಗೆ ಸಾಕು, ಬಹಳಷ್ಟು ಹುಳುಕು ಅಲ್ಲಿಗೇ ನಿಲ್ಲುತ್ತದೆ. ಅಳುವ ಮಗುವಿಗೆ ಇದಕ್ಕಿಂತ ಸುಲಭದ ಚಿಕಿತ್ಸೆ ನನಗೆ ತೋಚದು. ಆದರೆ ಹುಳುಕಿನ ಜಾಗ ಕಪ್ಪಾಗುತ್ತದೆ. ಫೋಟೋ ತೋರಿಸಿ ಒಪ್ಪಿಗೆ ಪಡೆಯಿರಿ. ಇಲ್ಲದಿದ್ದರೆ "ಡಾಕ್ಟ್ರು ಮಗು ಹಲ್ಲು ಕೆಡಿಸಿದ್ರು" ಎಂಬ ಮಾತು ಊರೆಲ್ಲ ಹಬ್ಬುತ್ತದೆ, ಮುಂದಿನ ಶಿಬಿರಕ್ಕೆ ಯಾರೂ ಬರುವುದಿಲ್ಲ.

4. ಪೇಸ್ಟಿನ ಮಾತಿಗೆ ಮೊದಲು ನೀರಿನ ವಿಷಯ ತಿಳಿಯಿರಿ. ಪಾವಗಡ, ಕೋಲಾರದಂಥ ಕಡೆ ಬೋರ್‌ವೆಲ್ ನೀರಿನಲ್ಲೇ ಫ್ಲೋರೈಡ್ ಅತಿಯಾಗಿ, ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ. ಅಲ್ಲಿ ಮೊದಲ ಚಿಕಿತ್ಸೆ ಶುದ್ಧ ಕುಡಿಯುವ ನೀರು. ಉಳಿದೆಡೆ ಅಗ್ಗದ ಫ್ಲೋರೈಡ್ ಪೇಸ್ಟ್ ಸಾಕು: ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ಇದ್ದಿಲು, ಇಟ್ಟಿಗೆ ಪುಡಿ ಬೇಡವೇ ಬೇಡ.

5. ಆಶಾ ಕಾರ್ಯಕರ್ತೆಯರಿಗೆ ಬಾಯೊಳಗೆ ನೋಡುವುದನ್ನು ಕಲಿಸಿ. ಮನೆಮನೆ ಬಲ್ಲವರು ಅವರೇ. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಅಗಲವಾಗಿ ತೆರೆಯಲಾಗದ ಬಾಯಿ ಕಂಡರೆ ತಕ್ಷಣ ಕಳಿಸಲಿ. ತಂಬಾಕಿಲ್ಲದಿದ್ದರೆ ಎಲೆಅಡಿಕೆ ನಿರಪಾಯ ಎಂಬ ನಂಬಿಕೆ ಗಟ್ಟಿಯಾಗಿದೆ. ಅಡಿಕೆಯೇ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಅಡಿಕೆಯಿಂದಲೇ ಬದುಕುವ ಮಲೆನಾಡಿನಲ್ಲಿ ಇದನ್ನು ಹೇಳುವುದು ಕಷ್ಟ. ಆದರೂ ಹೇಳಲೇಬೇಕು.

6. ಹತ್ತಿರದ ಡೆಂಟಲ್ ಕಾಲೇಜಿನ ಜೊತೆ ಕೈಜೋಡಿಸಿ. ಅಲ್ಲಿನ ವಿದ್ಯಾರ್ಥಿಗಳಿಗೆ ರೋಗಿಗಳು ಬೇಕು, ನಿಮ್ಮ ರೋಗಿಗಳಿಗೆ ಕಡಿಮೆ ಖರ್ಚಿನ ಚಿಕಿತ್ಸೆ ಬೇಕು. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ಹಲ್ಲುಸೆಟ್ ಕೊಡಲೆಂದು ರಾಜ್ಯ ತಂದ ದಂತಭಾಗ್ಯ ಯೋಜನೆಯ ಬಗ್ಗೆಯೂ ವಿಚಾರಿಸಿ.

7. ಅಗ್ಗವೆಂದು ಶುಚಿಯಲ್ಲಿ ರಾಜಿ ಬೇಡ. ತೊಳೆಯದ, ಬರೀ ಒರೆಸಿದ ಉಪಕರಣದಿಂದ ಹೆಪಟೈಟಿಸ್ ಬಿ ಹರಡಬಹುದು. ಗ್ಯಾಸ್ ಒಲೆಯ ಮೇಲೆ ನಡೆಯುವ ಪ್ರೆಶರ್ ಕುಕ್ಕರ್ ಮಾದರಿಯ ಆಟೋಕ್ಲೇವ್ ಸಿಗುತ್ತದೆ. ಒಬ್ಬರಿಗೆ ಒಂದು ಸೆಟ್. ಸೆಟ್‌ಗಳು ಮುಗಿದರೆ ಅಂದಿನ ಕೆಲಸ ನಿಲ್ಲಿಸಿ. ಕಾದು ಕುಳಿತವರ ಹೆಸರು ಬರೆದುಕೊಂಡು, ಮುಂದಿನ ಭೇಟಿಯಲ್ಲಿ ಮೊದಲ ಸರದಿ ಅವರಿಗೇ ಕೊಡಿ.