ಎಂಟು ಜಿಬಿಯೋ, ಹದಿನಾರೋ?

ಪ್ರಶ್ನೆ: ಮಗ ಬಿಇ ಕಂಪ್ಯೂಟರ್ ಸೈನ್ಸ್ ಎರಡನೇ ವರ್ಷ. ಹಳೇ ಕಂಪ್ಯೂಟರಿಗೆ ಅರವತ್ತು ಸಾವಿರದ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಡಿ ಎಂದು ಹಟ ಹಿಡಿದಿದ್ದಾನೆ, ಅದೂ ಎನ್‌ವಿಡಿಯಾದ್ದೇ ಆಗಬೇಕಂತೆ. ಎಸ್‌ಪಿ ರೋಡ್ ಅಂಗಡಿಯವರು ಎಎಂಡಿ ತಗೊಳ್ಳಿ ಅನ್ನುತ್ತಾರೆ. ನಮ್ಮ ಮನೆಯವರು "ಎಲ್ಲಾ ಗೇಮ್ ಆಡೋಕೆ" ಎಂದು ರೇಗುತ್ತಾರೆ. ಇಬ್ಬರ ನಡುವೆ ನನಗೆ ಸಾಕಾಗಿದೆ.
– ಒಬ್ಬ ತಾಯಿ, ಬಸವೇಶ್ವರನಗರ

ಉತ್ತರ: ಗೇಮ್ ಆಡಿಯೇ ಆಡುತ್ತಾನೆ, ಅದರಲ್ಲಿ ಅನುಮಾನ ಬೇಡ. ಆಡಲಿ ಬಿಡಿ, ಮನೆಯಲ್ಲೇ ಇರುತ್ತಾನಲ್ಲ. ಆದರೆ "ಓದಿಗೆ ಬೇಕು" ಅಂದರೆ ಯಾವ ಓದಿಗೆ ಎಂದು ಕೇಳಿ. ಜಾವಾ, ಡೇಟಾಬೇಸ್ ಕಲಿಯಲು ಕಾರ್ಡೇ ಬೇಡ. ಮಷೀನ್ ಲರ್ನಿಂಗ್‌ನ ಸಣ್ಣಪುಟ್ಟ ಅಭ್ಯಾಸ ಗೂಗಲ್ ಕೋಲ್ಯಾಬ್‌ನಲ್ಲಿ ಪುಕ್ಕಟೆ ನಡೆಯುತ್ತದೆ. ಅದನ್ನು ದಾಟಿ ಮುಂದೆ ಹೋಗಿದ್ದಾನೆ ಅಂತಾದರೆ ಅವನ ಹಟದಲ್ಲಿ ಅರ್ಥವಿದೆ. ಎನ್‌ವಿಡಿಯಾ 2007ರಲ್ಲಿ ತಂದ ಕುಡಾ ಎಂಬ ಪ್ರೋಗ್ರಾಮಿಂಗ್ ವ್ಯವಸ್ಥೆ ಅದರ ಕಾರ್ಡುಗಳಿಗೇ ಮೀಸಲು, ಆ ಕ್ಷೇತ್ರದ ಸಾಫ್ಟ್‌ವೇರ್ ಬಹುಪಾಲು ಅದನ್ನೇ ನಂಬಿಕೊಂಡಿದೆ.

ಬರೀ ಗೇಮ್‌ಗಾದರೆ ಅಂಗಡಿಯವರ ಮಾತು ಸುಳ್ಳಲ್ಲ. ಎನ್‌ವಿಡಿಯಾದ ಆರ್‌ಟಿಎಕ್ಸ್ 5060ರಲ್ಲಿ ಮೆಮೊರಿ 8 ಜಿಬಿ. ಸ್ವಲ್ಪ ಹೆಚ್ಚು ಕೊಟ್ಟರೆ ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿಯದು ಸಿಗುತ್ತದೆ. ಅದೇ ಹೆಸರಲ್ಲಿ 8 ಜಿಬಿಯದೂ ಇದೆ, ಡಬ್ಬಿ ಮೇಲೆ ಓದಿಯೇ ದುಡ್ಡು ಕೊಡಿ. ಇಂಟೆಲ್‌ನ ಬಿ580ರಲ್ಲಿ 12 ಜಿಬಿ ಇದ್ದರೂ ಹಳೇ ಮದರ್‌ಬೋರ್ಡಿನಲ್ಲಿ ಅದು ಕುಂಟುತ್ತದೆ, ನಿಮಗೆ ಬೇಡ.

ಕಂಪನಿಗಳ ಜಗಳಕ್ಕಿಂತ ಮೊದಲು ಮನೆಯ ಸಿಪಿಯು ಬಿಚ್ಚಿಸಿ ನೋಡಿ. ಪವರ್ ಸಪ್ಲೈ ಮೇಲಿನ ಸ್ಟಿಕ್ಕರಿನಲ್ಲಿ ಎಷ್ಟು ವ್ಯಾಟ್ ಬರೆದಿದೆ? 5060 ಒಂದೇ 145 ವ್ಯಾಟ್ ಎಳೆಯುತ್ತದೆ, ಒಟ್ಟು 550 ಇರಬೇಕು ಎಂದು ಕಂಪನಿಯೇ ಹೇಳುತ್ತದೆ. ಅಗ್ಗದ ಸಪ್ಲೈ ಸುಟ್ಟರೆ ಕೆಲವೊಮ್ಮೆ ಕಾರ್ಡನ್ನೂ ಜೊತೆಗೆ ಒಯ್ಯುತ್ತದೆ. ಆಮೇಲೆ ಮಾನಿಟರ್. ಅದು 60 ಹರ್ಟ್ಸ್‌ನದಾದರೆ ಕಾರ್ಡು ಸೆಕೆಂಡಿಗೆ 120 ಚಿತ್ರ ತಯಾರಿಸಿದರೂ ಪರದೆ ತೋರಿಸುವುದು 60 ಮಾತ್ರ. ಅಂಥ ಮಾನಿಟರಿಗೆ ಅರವತ್ತು ಸಾವಿರ ಸುರಿಯುವುದು ದಂಡ. ಇದನ್ನು ಮಗನಿಗೆ ಹೇಳಿ ನೋಡಿ, ಒಪ್ಪುತ್ತಾನೆ. ಅವನಿಗೂ ಗೊತ್ತಿರುವ ವಿಷಯವೇ.

ಸೆಕೆಂಡ್ ಹ್ಯಾಂಡ್ ಆಸೆ ಹುಟ್ಟಿದರೆ ಸ್ವಲ್ಪ ಜೋಪಾನ. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಎಂಬ ಕ್ರಿಪ್ಟೊ ನಾಣ್ಯದ ಮೈನಿಂಗ್ ನಿಂತ ಮೇಲೆ ಅದಕ್ಕಾಗಿ ಹಗಲೂ ರಾತ್ರಿ ದುಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದವು. "ಸಾರ್, ಯೂಸೇ ಮಾಡಿಲ್ಲ" ಅಂದರೆ ನಂಬಬೇಡಿ. ಅರ್ಧ ಗಂಟೆ ಓಡಿಸಿ ತೋರಿಸಲಿ, ಬಿಲ್ಲಿನ ಸೀರಿಯಲ್ ನಂಬರು ಕಾರ್ಡಿನದಕ್ಕೆ ಹೊಂದಬೇಕು.

ರಾಜಾಜಿನಗರದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ನೇರ ಚಿಕ್ಕಪೇಟೆ, ಅಲ್ಲಿಂದ ಎಸ್‌ಪಿ ರೋಡಿಗೆ ನಡೆದೇ ಹೋಗಬಹುದು. ಅಪ್ಪ, ಮಗ ಇಬ್ಬರನ್ನೇ ಕಳಿಸಿ, ನೀವು ಮನೆಯಲ್ಲಿ ಆರಾಮಾಗಿರಿ. ಮೊತ್ತ ಮಾತ್ರ ನೀವು ಗೊತ್ತು ಮಾಡಿ. ಪವರ್ ಸಪ್ಲೈ ಬದಲಿಸಬೇಕಾಗಿ ಬಂದರೆ ಅದರ ದುಡ್ಡೂ ಅಷ್ಟರೊಳಗೇ ಎಂದು ಹೊರಡುವ ಮುಂಚೆಯೇ ಮಗನಿಗೆ ಹೇಳಿಬಿಡಿ.