ಸೆಲ್ಫ್ ಮೂರನೇ ಸಲ ಕೈಕೊಟ್ಟಿದೆ, ಈಗ ಯಾವುದನ್ನು ತರಲಿ?

ಪ್ರಶ್ನೆ: ನಮ್ಮದು 24 ವೋಲ್ಟಿನ ಹತ್ತು ಚಕ್ರದ ಲಾರಿ. ಚಳ್ಳಕೆರೆಯಿಂದ ಬೆಂಗಳೂರಿಗೆ ಈರುಳ್ಳಿ ಹೊಡೆಯುತ್ತೇವೆ, ಬರುವಾಗ ಸಿಕ್ಕಿದ ಲೋಡು. ಒಂದೇ ವರ್ಷದಲ್ಲಿ ಸೆಲ್ಫ್ ಮೂರು ಸಲ ಕೆಟ್ಟಿದೆ. ಎರಡು ಸಲ ವೈಂಡಿಂಗ್ ಮಾಡಿಸಿದೆ. ಡೈನಮೋ ಕೂಡ ಸರಿಯಾಗಿ ಚಾರ್ಜ್ ಮಾಡುತ್ತಿಲ್ಲ, ಎರಡನ್ನೂ ಬದಲಾಯಿಸಿಬಿಡಿ ಎನ್ನುತ್ತಾರೆ ಮೆಕ್ಯಾನಿಕ್. ಅಂಗಡಿಯಲ್ಲಿ ಕಂಪನಿಯದು, ಬೇರೆ ಮೇಕ್, ರೀಕಂಡಿಷನ್, ಗುಜರಿ ಎಂದು ನಾಲ್ಕು ದರ ಹೇಳುತ್ತಾರೆ. ಯಾವುದನ್ನು ನಂಬಿ ತರಲಿ?
— ಲಾರಿ ಮಾಲೀಕರೊಬ್ಬರು, ಚಳ್ಳಕೆರೆ

ಉತ್ತರ: ಅಂಗಡಿಗೆ ಹೋಗುವ ಮುಂಚೆ ಲಾರಿಯ ಹತ್ತಿರ ಹೋಗಿ. ವರ್ಷಕ್ಕೆ ಮೂರು ಸಲ ಸೆಲ್ಫ್ ಹೋಗುತ್ತಿದ್ದರೆ ತಪ್ಪು ಸೆಲ್ಫಿನೊಳಗೆ ಮಾತ್ರ ಇರಲಿಕ್ಕಿಲ್ಲ, ಅದನ್ನು ಸುಡುತ್ತಿರುವುದು ಹೊರಗೆ ಎಲ್ಲೋ ಇದೆ. ಆ ಕಾರಣವನ್ನು ಹಾಗೇ ಬಿಟ್ಟು ಎಷ್ಟು ದುಬಾರಿಯದನ್ನು ತಂದು ಕೂರಿಸಿದರೂ ಅದೂ ಸುಡುತ್ತದೆ. ಸುಟ್ಟ ವೈಂಡಿಂಗಿಗೆ ಸಾಮಾನ್ಯವಾಗಿ ವಾರಂಟಿಯೂ ಸಿಗುವುದಿಲ್ಲ.

ಸುಡುವುದು ಹೀಗೆ. ಎಂಜಿನ್ ತಿರುಗಿಸುವಾಗ ಸೆಲ್ಫ್ ನೂರಾರು ಆಂಪಿಯರ್ ಎಳೆಯುತ್ತದೆ. ಬ್ಯಾಟರಿ ಸೊರಗಿದ್ದರೆ, ಟರ್ಮಿನಲ್ಲಿನಲ್ಲಿ ಬಿಳಿ ಪುಡಿ ಕೂತಿದ್ದರೆ, ಚಾಸಿಯ ಅರ್ಥ್ ಬೋಲ್ಟಿನಲ್ಲಿ ತುಕ್ಕು ಹಿಡಿದಿದ್ದರೆ ಸೆಲ್ಫಿಗೆ ಪೂರಾ ವೋಲ್ಟೇಜ್ ಮುಟ್ಟುವುದಿಲ್ಲ. ಮೋಟಾರ್ ನಿಧಾನಕ್ಕೆ ತಿರುಗುತ್ತದೆ. ನಿಧಾನಕ್ಕೆ ತಿರುಗುವ ಮೋಟಾರಿನೊಳಗೆ ಕರೆಂಟನ್ನು ತಡೆಯುವ ಎದುರು ವೋಲ್ಟೇಜ್ ಸಾಕಷ್ಟು ಹುಟ್ಟುವುದಿಲ್ಲ, ಹಾಗಾಗಿ ಗಾಡಿ ಎದ್ದೇಳುವ ತನಕ ಅಷ್ಟೂ ಹೊತ್ತು ಭಾರೀ ಕರೆಂಟು ಹರಿಯುತ್ತಲೇ ಇರುತ್ತದೆ. ಡ್ರೈವರ್ ಬೆಳಗಿನ ಚಳಿಯಲ್ಲಿ ಕೀ ಹಿಡಿದೇ ಕೂತರೆ ಆರ್ಮೇಚರಿನ ಇನ್ಸುಲೇಷನ್ ಕರಗುತ್ತದೆ, ಸಾಲಿನಾಯ್ಡಿನ ಕಾಂಟ್ಯಾಕ್ಟ್ ಅಂಟಿಕೊಳ್ಳುತ್ತದೆ.

ಇದನ್ನು ಪತ್ತೆ ಹಚ್ಚಲು ಒಂದು ಮಲ್ಟಿಮೀಟರ್ ಸಾಕು. ರಾತ್ರಿ ನಿಲ್ಲಿಸಿದ ಗಾಡಿಯ ಎರಡು ಬ್ಯಾಟರಿಗಳನ್ನು ಬೆಳಗ್ಗೆ ಒಂದೊಂದಾಗಿ ಅಳೆಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ, 12.2ಕ್ಕೆ ಇಳಿದಿದ್ದರೆ ಸುಮಾರು ಅರ್ಧ ಖಾಲಿ. ಒಂದು ತುಂಬಿ ಇನ್ನೊಂದು ಇಳಿದಿದ್ದರೆ ಕ್ಯಾಬಿನ್ನಿನ ಟೇಪ್ ರೆಕಾರ್ಡರಿಗೆ, ಮೊಬೈಲ್ ಚಾರ್ಜರಿಗೆ ವೈರು ಎಲ್ಲಿಂದ ಬಂದಿದೆ ನೋಡಿ. 12 ವೋಲ್ಟ್ ಬೇಕೆಂದು ಒಂದೇ ಬ್ಯಾಟರಿಯಿಂದ ವೈರೆಳೆಯುವುದು ನಮ್ಮ ಲಾರಿಗಳಲ್ಲಿ ಬಹಳ ರೂಢಿ. ಆ ಬ್ಯಾಟರಿ ಸದಾ ಹಸಿದಿರುತ್ತದೆ, ಜೊತೆಯದು ಅತಿಯಾಗಿ ಚಾರ್ಜಾಗಿ ನೀರು ಕುದಿಸುತ್ತದೆ, ಡೈನಮೋ ಎರಡನ್ನೂ ಸಂಭಾಳಿಸಲಾರದು. ಆ ವೈರು ಕಿತ್ತುಹಾಕಿ, 24ರಿಂದ 12 ಮಾಡುವ ಕನ್ವರ್ಟರ್ ಹಾಕಿಸಿ. ಬ್ಯಾಟರಿ ಬದಲಾಯಿಸಬೇಕಾಗಿ ಬಂದರೆ ಎರಡನ್ನೂ ಒಟ್ಟಿಗೆ, ಒಂದೇ ಮೇಕಿನವನ್ನು ಹಾಕಿ.

ಆಮೇಲೆ ಕೇಬಲ್. ಸ್ಟಾಪ್ ಎಳೆದು ಎಂಜಿನ್ ಎದ್ದೇಳದಂತೆ ಮಾಡಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್ ಮೇಲೆ, ಇನ್ನೊಂದನ್ನು ಸೆಲ್ಫಿನ ದಪ್ಪ ಬೋಲ್ಟಿನ ಮೇಲೆ ಇಟ್ಟು ಕ್ಲೀನರಿಗೆ ಕೀ ಹೊಡೆಯಲು ಹೇಳಿ. ಒಂದು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ಕೇಬಲ್ಲೇ ಕಳ್ಳ. ನೆಗೆಟಿವ್‌ನಿಂದ ಸೆಲ್ಫಿನ ಬಾಡಿಗೂ ಹಾಗೇ ಅಳೆಯಿರಿ, ಅಲ್ಲಿ ಅರ್ಧ ವೋಲ್ಟ್ ದಾಟಬಾರದು. ಹೊಸ ಅರ್ಥ್ ಪಟ್ಟಿ ಹಾಕಿ ಬೋಲ್ಟಿನ ಜಾಗವನ್ನು ಎಮರಿ ಹಾಳೆಯಲ್ಲಿ ಉಜ್ಜಿದ ಮೇಲೆ ‘ಸತ್ತುಹೋದ’ ಸೆಲ್ಫ್ ಎಷ್ಟೋ ಸಲ ತಾನಾಗಿಯೇ ಸರಿಯಾಗುತ್ತದೆ.

ಡೈನಮೋ ಪರೀಕ್ಷೆ ಇನ್ನೂ ಸುಲಭ. ಎಂಜಿನ್ ಸ್ವಲ್ಪ ರೇಸ್ ಮಾಡಿ, ಹೆಡ್‌ಲೈಟ್ ಹಾಕಿ, ಬ್ಯಾಟರಿಗಳ ತುದಿಯಿಂದ ತುದಿಗೆ ಅಳೆದರೆ 28 ವೋಲ್ಟಿನ ಆಸುಪಾಸು ಇರಬೇಕು. 27ಕ್ಕಿಂತ ಕೆಳಗಿದ್ದರೆ ಮೊದಲು ಬೆಲ್ಟಿನ ಬಿಗಿ ನೋಡಿ, ಆಮೇಲೆ ಕಾರ್ಬನ್, ಆಮೇಲೆ ಡಯೋಡ್ ಪ್ಲೇಟ್. 29 ದಾಟಿದರೆ ಕಟೌಟ್ ಹೋಗಿದೆ. ಆದರೆ ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಕಿತ್ತು ‘ಗಾಡಿ ಆಫ್ ಆಗಲಿಲ್ಲ, ಡೈನಮೋ ಚೆನ್ನಾಗಿದೆ’ ಎಂದು ಹೇಳಲು ಯಾರಿಗೂ ಬಿಡಬೇಡಿ. ಬ್ಯಾಟರಿ ಇಲ್ಲದ ಆ ಕ್ಷಣದಲ್ಲಿ ವೋಲ್ಟೇಜ್ ಜಿಗಿದು ಡಯೋಡೂ ಕಟೌಟೂ ಸುಡುತ್ತವೆ, ಚೆನ್ನಾಗಿದ್ದ ಡೈನಮೋ ಪರೀಕ್ಷೆಯಲ್ಲೇ ಸಾಯುತ್ತದೆ. ಬಾಡಿಗೆ ವೆಲ್ಡಿಂಗ್ ಮಾಡಿಸುವಾಗಲೂ ಇದೇ ಅಪಾಯ. ಮೊದಲು ಎಂಜಿನ್ ಆಫ್ ಮಾಡಿಸಿ ಬ್ಯಾಟರಿ ಕೇಬಲ್ ಬಿಚ್ಚಿಸಿ.

ಇಷ್ಟೆಲ್ಲ ಆದಮೇಲೂ ಬದಲಾಯಿಸಲೇಬೇಕು ಎಂದಾದರೆ ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಅದರ ಮೈಮೇಲಿನ ಪಟ್ಟಿಯಲ್ಲಿ ಪಾರ್ಟ್ ನಂಬರ್ ಇರುತ್ತದೆ. ಅಂಗಡಿಯವರು ‘ಇದೂ ಕೂರುತ್ತೆ ಸಾರ್’ ಎಂದರೆ ಸಾಲದು. ಸೆಲ್ಫಿನಲ್ಲಿ ಬೆಂಡಿಕ್ಸಿನ ಹಲ್ಲುಗಳನ್ನು ಎಣಿಸಿ ನೋಡಿ. ಒಂದರಲ್ಲಿ ಹತ್ತು, ಇನ್ನೊಂದರಲ್ಲಿ ಹನ್ನೊಂದು ಇರಬಹುದು, ಫ್ಲೇಂಜಿನ ಬೋಲ್ಟ್ ತೂತುಗಳು ಮಾತ್ರ ತಪ್ಪದೆ ಹೊಂದಿಕೊಳ್ಳುತ್ತವೆ. ಕೂರಿಸಿದ ದಿನ ಗಾಡಿ ಸ್ಟಾರ್ಟೂ ಆಗುತ್ತದೆ. ಕೆಲವು ವಾರಗಳಲ್ಲಿ ಫ್ಲೈವೀಲಿನ ರಿಂಗ್ ಕಿರಗುಟ್ಟಲು ಶುರುವಾಗುತ್ತದೆ, ಕೊನೆಗೆ ಗೇರ್‌ಬಾಕ್ಸ್ ಇಳಿಸಿ ರಿಂಗ್ ಬದಲಾಯಿಸಬೇಕಾಗುತ್ತದೆ. ಆ ಕೂಲಿಯ ಮುಂದೆ ಸೆಲ್ಫಿನಲ್ಲಿ ಉಳಿಸಿದ ದುಡ್ಡು ಏನೂ ಅಲ್ಲ. ಹಲ್ಲಿನ ಸಂಖ್ಯೆ, ತಿರುಗುವ ದಿಕ್ಕು, ವೋಲ್ಟ್, ಕಿಲೋವ್ಯಾಟ್ ನಾಲ್ಕೂ ತಾಳೆಯಾಗಬೇಕು.

ಡೈನಮೋದಲ್ಲಿ ಆಂಪಿಯರ್ ನೋಡಿ. ಪಟ್ಟಿಯ ಮೇಲೆ ಬರೆದಿರುವುದು ಡೈನಮೋ ತಾನೇ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಕೊಡುವ ಕರೆಂಟು. ಟ್ರಾಫಿಕ್ಕಿನಲ್ಲಿ ಐಡಲ್ ನಿಂತಾಗ ಅದಕ್ಕಿಂತ ಬಹಳ ಕಡಿಮೆ ಬರುತ್ತದೆ. ನಿಮ್ಮ ಗಾಡಿಯ ಎಲ್ಲ ದೀಪ, ಹಾರ್ನ್, ಫ್ಯಾನ್, ಆಮೇಲೆ ಹಾಕಿಸಿದ ಅಲಂಕಾರದ ಲೈಟು ಸೇರಿ 560 ವ್ಯಾಟ್ ಆದರೆ, 28ರಿಂದ ಭಾಗಿಸಿ, 20 ಆಂಪಿಯರ್. ಬ್ಯಾಟರಿ ತುಂಬಲು ಮೇಲೆ ಒಂದಿಷ್ಟು ಬೇಕು. ಈ ಲೆಕ್ಕ ಹಾಕಿದರೆ ಡೈನಮೋ ಸಣ್ಣದಾಯಿತೋ, ಲೈಟು ಹೆಚ್ಚಾಯಿತೋ ಗೊತ್ತಾಗುತ್ತದೆ.

ಈಗ ನಿಮ್ಮ ನಾಲ್ಕು ದರ. ಲಾರಿ ಕಂಪನಿಗಳು ಇವನ್ನು ಸಾಮಾನ್ಯವಾಗಿ ತಾವೇ ಮಾಡುವುದಿಲ್ಲ, ಮಾಡುವವರಿಂದ ಕೊಳ್ಳುತ್ತವೆ. 1961ರಲ್ಲಿ ಶುರುವಾದ ಚೆನ್ನೈನ ಲುಕಾಸ್ ಟಿವಿಎಸ್ ಅಂಥದ್ದೊಂದು. ಬಾಷ್ ತನ್ನ ಸ್ಟಾರ್ಟರ್ ಮತ್ತು ಜನರೇಟರ್ ವಿಭಾಗವನ್ನು ಬೇರ್ಪಡಿಸಿ ಮಾರಿದ್ದರಿಂದ 2018ರಿಂದ ಅದು ಸೆಗ್ ಆಟೋಮೋಟಿವ್ ಆಗಿದೆ, ಅದರ ಭಾರತದ ನೆಲೆ ಬೆಂಗಳೂರಿನಲ್ಲೇ ಇದೆ. ನಿಮ್ಮ ಹಳೆಯ ಸೆಲ್ಫಿನ ಮೈಮೇಲೆ ಯಾರ ಹೆಸರಿದೆಯೋ ಅವರದೇ ಡಬ್ಬಿಯಲ್ಲಿ ಅದೇ ಪಾರ್ಟ್ ನಂಬರಿನದನ್ನು ಅವರ ಅಧಿಕೃತ ಡೀಲರ್ ಬಳಿ ಕೇಳಿ. ಲಾರಿ ಕಂಪನಿಯ ಡಬ್ಬಿಗಿಂತ ಹಲವು ಸಲ ಅಗ್ಗಕ್ಕೆ ಸಿಗುತ್ತದೆ, ಮಾಲು ಅದೇ. ನೀವು ತರಬೇಕಾದದ್ದು ಇದನ್ನೇ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ತಾರ್ಪಾಲಿನಡಿ ಈರುಳ್ಳಿ ಬೆವರುತ್ತಾ ಹಿರಿಯೂರಿನ ಆಚೆ ಗಾಡಿ ನಿಂತರೆ ಒಂದೇ ದಿನದ ನಷ್ಟ ಈ ದರಗಳ ನಡುವಿನ ವ್ಯತ್ಯಾಸವನ್ನು ನುಂಗಿಬಿಡುತ್ತದೆ.

ರೀಕಂಡಿಷನ್ ಎಂದರೆ ಕೆಟ್ಟದ್ದು ಎಂದಲ್ಲ. ಕಾರ್ಬನ್, ಬುಷ್, ಬೇರಿಂಗ್, ಬೆಂಡಿಕ್ಸ್, ಸಾಲಿನಾಯ್ಡ್, ಕಟೌಟ್ ಇವನ್ನು ನಿಮ್ಮೂರಿನ ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಧಾರಾಳವಾಗಿ ಬದಲಾಯಿಸಲಿ. ಆ ಕೈಗಳ ಅನುಭವ ದೊಡ್ಡದು, ಅದರಿಂದಲೇ ನಮ್ಮ ಲಾರಿಗಳು ಓಡುತ್ತಿವೆ. ಸುಟ್ಟ ಆರ್ಮೇಚರಿಗೆ ಹೊಸದಾಗಿ ತಂತಿ ಸುತ್ತಿಸುವುದು ಬೇರೆ ಮಾತು. ವಾರ್ನಿಷ್ ಒಳಗಿನ ತನಕ ಇಳಿದು ಬಿಸಿಯಲ್ಲಿ ಗಟ್ಟಿಯಾಗಬೇಕು, ಸುತ್ತಿದ ಮೇಲೆ ಬ್ಯಾಲೆನ್ಸ್ ಆಗಬೇಕು. ಅದಕ್ಕೆ ಬೇಕಾದ ಒಲೆ, ಯಂತ್ರ ಸಣ್ಣ ಅಂಗಡಿಗಳಲ್ಲಿ ಅಪರೂಪ. ನಿಮ್ಮ ಎರಡು ವೈಂಡಿಂಗುಗಳೂ ಬಾಳದೆ ಹೋದದ್ದರಲ್ಲಿ ಇದರ ಪಾಲೂ ಇರಬಹುದು. ಆರ್ಮೇಚರ್ ಹೋಗಿದ್ದರೆ ಹೊಸ ಆರ್ಮೇಚರೇ ಹಾಕಿಸಿ. ಗುಜರಿಯದು ಬೇರೆಲ್ಲೂ ಸಿಗದ ಹಳೆಯ ಮಾಡೆಲಿಗೆ ಮಾತ್ರ.

ನಕಲಿಯ ಬಗ್ಗೆ ಎಚ್ಚರವಿರಲಿ. ಡಬ್ಬಿಯ ಮೇಲೆ ತಯಾರಕರ ಹೆಸರು, ವಿಳಾಸ, ತಿಂಗಳು, ವರ್ಷ, ಎಂಆರ್‌ಪಿ, ದೂರು ಹೇಳುವ ನಂಬರ್ ಇರಬೇಕು. ಆ ನಂಬರಿಗೆ ಅಲ್ಲೇ ನಿಂತು ಫೋನ್ ಮಾಡಿ, ಸೀರಿಯಲ್ ನಂಬರ್ ಹೇಳಿ ಕೇಳಿ. ಒಂದೇ ಮಾಡೆಲಿನ ಹಳೆಯದು ಹೊಸದು ಎರಡನ್ನೂ ಕೈಯಲ್ಲಿ ತೂಗಿ ನೋಡಿ. ತಾಮ್ರದ ಬದಲು ಅಲ್ಯೂಮಿನಿಯಂ ತಂತಿ ಸುತ್ತಿದ್ದರೆ ಹಗುರವಾಗಿ ಗೊತ್ತಾಗುತ್ತದೆ. ಒಳಗೆ ಗೇರ್ ಇರುವ ಹೊಸ ಬಗೆಯ ಸೆಲ್ಫ್ ಮಾತ್ರ ಅಸಲಿಯೇ ಆದರೂ ಹಗುರ, ಅದನ್ನು ಹಳೆಯದರೊಂದಿಗೆ ಹೋಲಿಸಬೇಡಿ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸದೆ ದುಡ್ಡು ಕೊಡಬೇಡಿ.

ನಿಮ್ಮದು ಏರ್ ಬ್ರೇಕಿನ ಗಾಡಿ. ಇದನ್ನು ಓದುವ ಪಿಕಪ್ ಮಾಲೀಕರಿಗೆ ಒಂದು ಮಾತು ಹೇಳಲೇಬೇಕು. ಹಲವು ಸಣ್ಣ ಡೀಸೆಲ್ ಗಾಡಿಗಳಲ್ಲಿ ಡೈನಮೋದ ಬೆನ್ನಿಗೇ ವ್ಯಾಕ್ಯೂಮ್ ಪಂಪ್ ಇರುತ್ತದೆ, ಬ್ರೇಕ್ ಬೂಸ್ಟರಿಗೆ ಬಲ ಬರುವುದು ಅದರಿಂದ. ಅಲ್ಲಿ ಕಳಪೆ ಡೈನಮೋ ಹಾಕಿದರೆ ಕೆಡುವುದು ಲೈಟು ಮಾತ್ರವಲ್ಲ, ಘಾಟಿ ಇಳಿಯುವಾಗ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಪಂಪಿನ ಆಯಿಲ್ ಪೈಪನ್ನೂ ಆಗಲೇ ನೋಡಿಸಿಕೊಳ್ಳಿ. 2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಗಳಲ್ಲಿ ಕೆಲವು ಡೈನಮೋಗಳನ್ನು ಎಂಜಿನ್ ಕಂಪ್ಯೂಟರೇ ನಡೆಸುತ್ತದೆ, ಪ್ಲಗ್ ಹೊಂದಿತೆಂದು ಬೇರೆ ನಂಬರಿನದನ್ನು ಹಾಕಿಸಬೇಡಿ.

ಕೂರಿಸುವ ದಿನ ಬೆಲ್ಟೂ ಹೊಸದಿರಲಿ, ಸೆಲ್ಫ್ ಬಿಚ್ಚಿದ ತೂತಿನಿಂದ ಟಾರ್ಚ್ ಬಿಟ್ಟು ರಿಂಗಿನ ಹಲ್ಲುಗಳನ್ನು ಒಂದು ಸುತ್ತು ನೋಡಿಸಿ. ಡ್ರೈವರಿಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಕೀ ಹಿಡಿಯಬಾರದು, ಎದ್ದೇಳದಿದ್ದರೆ ಅರ್ಧ ನಿಮಿಷವಾದರೂ ಬಿಟ್ಟು ಮತ್ತೆ ಹೊಡೆಯಬೇಕು ಎಂದು ತಾಕೀತು ಮಾಡಿ. ಗ್ಯಾರೇಜ್ ಬಿಡುವ ಮುಂಚೆ ಅದೇ ಮೀಟರಿನಲ್ಲಿ ಮತ್ತೆ ಅಳೆಯಿರಿ. 28 ವೋಲ್ಟ್ ಬರದಿದ್ದರೆ ನಾಳೆ ನೋಡೋಣ ಎನ್ನದೆ, ಬಿಲ್ಲು ಹಿಡಿದು ಆ ದಿನವೇ ಡೀಲರ್ ಹತ್ತಿರ ಹೋಗಿ.