ನನ್ನ ಮೊಳ ಕಲಿಸಿದ ಪಾಠ

ನೆಲ್ಯಾಡಿಯ ಗುಡ್ಡದ ಬುಡದಲ್ಲಿ ಹೊಸತಾಗಿ ಅಡಿಕೆ ತೋಟವೆಬ್ಬಿಸಲು ಸಿದ್ಧತೆ ನಡೆದಿದ್ದ ಒಂದು ಬೇಸಗೆಯಲ್ಲಿ, ಗುಂಡಿಗೂ ಗುಂಡಿಗೂ ನಡುವೆ 6 ಮೊಳ, ಎಂದರೆ 9 ಅಡಿ, ಅಂತರವಿರತಕ್ಕದ್ದೆಂದು ವಿಧಿಸಿ, ತೀರ್ಥರೂಪರು ಒಂದು ಸಾಲನ್ನು ತಾವೇ ಗುರುತಿಸಿ, ಪಕ್ಕದ ಸಾಲನ್ನು ಬಾಲಕನಾದ ನನಗೆ ವಹಿಸಿದರು. ನೆಲಕ್ಕೆ ಮೊಣಕೈಯೂರಿ, ಎಣಿಕೆ ತಪ್ಪದಂತೆ, ಪರಮ ಶ್ರದ್ಧೆಯಿಂದಲೇ ನಾನು ಅಳೆದೆನು. ಆದರೂ 11ನೆಯ ಗೂಟ ನೆಡುವ ವೇಳೆಗೆ ಅವರ ಸಾಲು ತೋಡಿನ ಬದುವನ್ನು ಮುಟ್ಟಿದ್ದರೆ, ನನ್ನದು 15 ಅಡಿ ಹಿಂದೆಯೇ ಮುಗಿದಿದ್ದಿತು. ಅವರ ಮೊಳ 18 ಇಂಚು, ನನ್ನದು 15. ಮೊಳವೊಂದಕ್ಕೆ ಮೂರೇ ಇಂಚಿನ ಕೊರತೆ 60 ಮೊಳಕ್ಕೆ ಅಷ್ಟಾಗಿ ಬೆಳೆದಿದ್ದಿತು.

“ಎಣಿಸಿದ್ದು ಸರಿಯೇ ಮಗಾ, ಅಳೆದದ್ದು ಯಾರ ಕೈಯಲ್ಲಿ?” ಎಂದಷ್ಟೇ ನುಡಿದು, ಅವರು 9 ಅಡಿಯ ಬಿದಿರುಕೋಲೊಂದನ್ನು ಕಡಿದು ತಂದರು. ಊರೂರಿಗೂ ಭಿನ್ನವಾಗಿದ್ದ ಅಳತೆಗಳನ್ನು ಬದಿಗಿರಿಸಿ, 1956ರ ಕಾಯಿದೆಯಂತೆ 1958ರ ಅಕ್ಟೋಬರಿನಿಂದ ಮೆಟ್ರಿಕ್ ಮಾನವನ್ನು ಆಚರಣೆಗೆ ತಂದ ನಮ್ಮ ದೇಶವು ಮಾಡಿದ್ದೂ ತತ್ತ್ವತಃ ಇದನ್ನೇ ಎಂಬುದನ್ನು ನಾನು ಅರಿತದ್ದು ಬಹುಕಾಲದ ಮೇಲೆ. ಲೋಹದ ಕೋಲೂ ಸಾಲದೆಂದು, 1983ರಿಂದೀಚೆಗೆ, ನಿರ್ವಾತದಲ್ಲಿ ಬೆಳಕು ಒಂದು ಸೆಕೆಂಡಿನ 29,97,92,458ನೆಯ ಒಂದು ಭಾಗದಲ್ಲಿ ಕ್ರಮಿಸುವ ದೂರವನ್ನೇ ಮೀಟರೆಂದು ಲೋಕವು ಒಪ್ಪಿದೆ. ಬೆಳಕಿಗೆ ದೊಡ್ಡವರ ಕೈ, ಮಕ್ಕಳ ಕೈ ಎಂಬ ಭೇದವಿಲ್ಲವಷ್ಟೆ.

ಅದೇ ಪ್ರಶ್ನೆ ಇನ್ನೊಮ್ಮೆ ಎದುರಾದದ್ದು ನೆಲ್ಯಾಡಿಯ ಪೇಟೆಯಲ್ಲಿ. ಶಿರಾಡಿ ಘಾಟಿಯತ್ತ ಹೊರಡಲಿದ್ದ ಬಸ್ಸಿನ ಕಿಟಕಿಯ ಬಳಿ ಕುಳಿತಿದ್ದಾಗ, ಒತ್ತಿನಲ್ಲಿದ್ದ ಬಸ್ಸು ಮೆಲ್ಲನೆ ಹಿಂದೆ ಸರಿಯಲು, ನಮ್ಮದೇ ಹೊರಟಿತೆಂದು ಭ್ರಮಿಸಿ, ಚಹಾ ಕುಡಿಯಲು ಇಳಿದಿದ್ದ ತಂದೆಯವರನ್ನು ಕೂಗಿ ಕರೆದೆನು. ಮರುಕ್ಷಣ ರಸ್ತೆಯಂಚಿನ ಮೈಲಿಗಲ್ಲು ಕಣ್ಣಿಗೆ ಬಿದ್ದು, ಅದು ಇದ್ದಲ್ಲೇ ಇರುವುದನ್ನು ಕಂಡು ನಾಚಿದೆನು. ದೋಣಿಯಲ್ಲಿ ಮುಂದೆ ಸಾಗುವವನಿಗೆ ದಡದ ಅಚಲ ವಸ್ತುಗಳು ಹಿಂದೆ ಸರಿವಂತೆ ತೋರುವ ಹಾಗೆಯೇ, ಭೂಮಿಯ ಮೇಲಿರುವ ನಮಗೆ ಸ್ಥಿರ ನಕ್ಷತ್ರಗಳು ಪಶ್ಚಿಮಕ್ಕೆ ಚಲಿಸುವಂತೆ ತೋರುತ್ತವೆಂದು ಕ್ರಿ.ಶ. 499ರ ಸುಮಾರಿನಲ್ಲೇ ಆರ್ಯಭಟನು ಬರೆದಿದ್ದನು. ನನ್ನನ್ನು ಸಂತೈಸಿದ ಆ ಮೈಲಿಗಲ್ಲಾದರೂ ಭೂಮಿಯ ಭ್ರಮಣದೊಡನೆ ಗಂಟೆಗೆ 1,600 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಮೂಡಣಕ್ಕೆ ಧಾವಿಸುತ್ತಲೇ ಇದ್ದಿತು. ಅದು ನಿಶ್ಚಲವೆನಿಸಿದ್ದು ರಸ್ತೆಗೆ ಹೋಲಿಸಿದಾಗ ಮಾತ್ರ.

ಯಾವುದರಿಂದ ಅಳೆದೆ, ಯಾವುದಕ್ಕೆ ಹೋಲಿಸಿ ಚಲಿಸಿತೆಂದೆ ಎಂಬುದನ್ನು ಹೇಳದವನ ಮಾತು ಅರ್ಧವೇ ಸರಿ. ಆದುದರಿಂದ ಉಪಾಧ್ಯಾಯರಲ್ಲಿ ನನ್ನದೊಂದು ಬಿನ್ನಹ: ಚಲನೆ, ನಿಶ್ಚಲತೆ, ಉದ್ದಗಳ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಸುವ ಮೊದಲು, ಮಕ್ಕಳು ತಮ್ಮ ತಮ್ಮ ಮೊಳದಿಂದಲೇ ತರಗತಿಯನ್ನು ಅಳೆದು ಪರಸ್ಪರ ಜಗಳವಾಡಲಿ; ಮೀಟರುಕೋಲನ್ನು ಅನಂತರ ಕೈಗೆ ಕೊಡಿರಿ.